ಆರು ಟೇಬಲ್, ಒಂದು ಪಾತ್ರೆ ಹಾಲು

ಒಂದೇ ಮ್ಯಾಕ್ ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ಆರು ಟೇಬಲ್ ಪೋಕರ್ ಇಸ್ಪೀಟು ಆಡಬಲ್ಲವನಿಗೆ ಒಂದು ಪಾತ್ರೆ ಹಾಲು ಯಾವ ಲೆಕ್ಕ? ಯಲಹಂಕದ ನಮ್ಮ ಹೊಸ ಫ್ಲ್ಯಾಟಿನ ಗೃಹಪ್ರವೇಶದ ಬೆಳಿಗ್ಗೆ ನಾನು ಹೀಗೆಯೇ ಯೋಚಿಸಿದ್ದೆ. ಅನುಮಾನವಿದ್ದದ್ದು ನನ್ನ ಹೆಂಡತಿ ಶೈಲಾಗೆ ಮಾತ್ರ.

ಚಿಕ್ಕಜಾಲದಲ್ಲಿ ನನ್ನ ಅತ್ತೆ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರು. ಮಗಳ ಸ್ವಂತ ಮನೆಯಲ್ಲಿ ಹಾಲುಕ್ಕುವುದನ್ನು ನೋಡಬೇಕೆಂದು ವರ್ಷಗಟ್ಟಲೆ ಕಾದವರು. ಅದಕ್ಕೆಂದೇ ತಮ್ಮ ಮದುವೆಯ ಪಾತ್ರೆಯನ್ನು ತಿಕ್ಕಿಸಿ ಕಳಿಸಿದ್ದರು. ಹಾಲುಕ್ಕುವುದನ್ನು ಅವರಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸುವ ಮಹತ್ತರ ಹೊಣೆ ನನ್ನದಾಯಿತು.

"ರೀ, ಇವತ್ತು ನಿಮ್ಗೆ ಇದೊಂದೇ ಕೆಲ್ಸ. ಅಮ್ಮಂಗೆ ಹಾಲು ಉಕ್ಕೋದು ಕಾಣ್ಬೇಕು," ಎಂದಳು ಶೈಲಾ.

"ಒಂದೇ ಕೆಲ್ಸಾನಾ? ಆರು ಟೇಬಲ್ ನಿಭಾಯಿಸೋನು ಕಣೇ ನಾನು!"

ಅಡುಗೆಮನೆಯ ಕಟ್ಟೆಯ ಮೇಲೆ ಮ್ಯಾಕ್ ಇಟ್ಟು, ಅದರ ಕ್ಯಾಮೆರಾವನ್ನು ಒಲೆಯತ್ತ ತಿರುಗಿಸಿ, ನಾನು ಪಕ್ಕದಿಂದ ಕೊಕ್ಕರೆಯ ಹಾಗೆ ಕತ್ತು ಚಾಚಿ ನಿಂತೆ. ಮೊದಲು ಮನೆಯ ಫೋಟೋ ತೋರಿಸೋಣವೆಂದು ಅತ್ತೆಗೆ ಕಾಲ್ ಮಾಡಿ, ಕ್ಯಾಮೆರಾದ ಬದಲು ನನ್ನ ಸ್ಕ್ರೀನೇ ಅವರಿಗೆ ಕಾಣುವಂತೆ ಶೇರ್ ಮಾಡಿದೆ. "ಬಾಗ್ಲು ಸಂದಾಗೈತೆ," ಎಂದರು. ಅಷ್ಟರಲ್ಲಿ ಪುರೋಹಿತರು ಮಂತ್ರ ಶುರುಮಾಡಿದರು. ಶೇರ್ ಮಾಡಿದ್ದನ್ನು ನಿಲ್ಲಿಸುವುದು ನನಗೆ ಮರೆತೇಹೋಯಿತು.

ಹಾಲು ಉಕ್ಕಲು ಇನ್ನೂ ಕಾಲು ಗಂಟೆಯಿತ್ತು. ಅದೇ ಹೊತ್ತಿಗೆ ನಾನು ವಾರದಿಂದ ಕಾದಿದ್ದ ಪೋಕರ್ ಪಂದ್ಯಗಳಿದ್ದವು, ಟೇಬಲ್ಲಿಗೊಂದು. ಪಣಕ್ಕೆ ದುಡ್ಡಿನ ಬದಲು ಪುಕ್ಕಟೆ ಚಿಪ್ಸ್ ಇಡುವ ಆಟ, ಆದರೂ ಮಾನದ ಪ್ರಶ್ನೆ! ಒಂದು ಟೇಬಲ್ ತೆರೆದೆ. ಒಂದೇ ಇದ್ದರೆ ಬೋಳುಬೋಳಾಗಿ ಕಂಡಿತು. ಆರೂ ತೆರೆದೆ. ಅತ್ತೆಯ ಮುಖ ಅವುಗಳ ಹಿಂದೆ ಎಲ್ಲೋ ಮರೆಯಾಯಿತು. ಎಲೆ ಹಂಚುವ ಸದ್ದು ಪುರೋಹಿತರಿಗೆ ಕೇಳಬಾರದೆಂದು ಸೌಂಡನ್ನೂ ಪೂರ್ತಿ ಇಳಿಸಿದೆ. ಇಷ್ಟೊಂದು ಮುಂದಾಲೋಚನೆ ಯಾರಿಗಿರುತ್ತದೆ ಹೇಳಿ!

ಐದನೇ ಟೇಬಲ್ಲಿನಲ್ಲಿ ನನ್ನ ಕೈಗೆ ಎರಡು ಎಕ್ಕ ಬಂದವು. ಪೋಕರಿನಲ್ಲಿ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಇದ್ದ ಚಿಪ್ಸನ್ನೆಲ್ಲ ಸುರಿದುಬಿಡೋಣವೆಂದು ಬೆರಳೊತ್ತಿದೆ. ಅದೇ ಕ್ಷಣದಲ್ಲಿ ಎರಡನೇ ಟೇಬಲ್ಲು ತನ್ನ ಸರದಿ ಬಂತೆಂದು ಸ್ಕ್ರೀನಿನಲ್ಲಿ ಅದರ ಮುಂದಕ್ಕೆ ಹಾರಿತು. ಚಿಪ್ಸೆಲ್ಲ ಅಲ್ಲಿ ಬಿದ್ದವು. ಅಲ್ಲಿ ನನ್ನ ಕೈಯಲ್ಲಿದ್ದದ್ದು ಎರಡರ ಎಲೆ, ಏಳರ ಎಲೆ, ಪೋಕರಿನ ಅತಿ ಕೆಟ್ಟ ಜೋಡಿ! ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದ್ದು ಎಲೆ ಬಿಸಾಡುವ ಬಟನ್ನು. ಐದನೇ ಟೇಬಲ್ಲಿನ ಎಕ್ಕಗಳು ಕಸಕ್ಕೆ ಹೋದವು.

"ಅಯ್ಯೋ, ಎಲ್ಲಾ ಹೋಯ್ತು!" ಎಂದು ಕಿರುಚಿದೆ.

ಸರಿಯಾಗಿ ಅದೇ ಗಳಿಗೆಗೆ ಹಾಲು ಉಕ್ಕಿತು. ಮಂತ್ರ ನಿಂತಿತು. ಹೊಸ ಮನೆಯ ಒಲೆಯ ಮುಂದೆ ಯಜಮಾನನೇ ಹೀಗೆ ಅನ್ನುವುದು ಯಾವ ಶಾಸ್ತ್ರದಲ್ಲೂ ಇಲ್ಲವಂತೆ.

"ಏನ್ ಹೋಯ್ತು ಸ್ವಾಮಿ?" ಎಂದರು ಪುರೋಹಿತರು.

"ಕ... ಕರೆಂಟು."

ನನ್ನ ತಲೆಯ ಮೇಲೆ ಮೂರು ಬಲ್ಬು ಉರಿಯುತ್ತಿದ್ದವು.

ಶೈಲಾಳ ಫೋನು ಬಡಿದುಕೊಂಡಿತು. ಅತ್ತೆಯ ದನಿ ಅಡುಗೆಮನೆಗೆಲ್ಲ ಕೇಳಿಸಿತು. "ಆಲು ಎಲ್ಲಮ್ಮಾ? ಆವಾಗ್ನಿಂದ ಬರೀ ಇಸ್ಪೀಟೇ ಕಾಣ್ತೈತೆ! ಕೂಗಿ ಕೂಗಿ ಗಂಟ್ಲು ಒಣಗೋಯ್ತು!"

ಶೈಲಾ ಬೈಯಲಿಲ್ಲ. ಅವಳ ಕಣ್ಣು ತುಂಬಿಬಂತು. ಬೈದಿದ್ದರೆ ಎಷ್ಟೋ ವಾಸಿಯಿತ್ತು! ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ಇನ್ನೊಂದ್ಸಲ ಉಕ್ಸಿದ್ರೆ ದೋಷ ಏನಿಲ್ಲ," ಎಂದ ಪುರೋಹಿತರು ನನ್ನ ಪಾಲಿಗೆ ದೇವರಾದರು. ನಾನು ಪಂಚೆಯಲ್ಲೇ ಓಡಿಹೋಗಿ ಹಾಲು ತಂದೆ. ಈ ಸಲ ಮ್ಯಾಕ್ ಹಿಡಿದವಳು ಶೈಲಾ. ಹಾಲು ಉಕ್ಕಿತು. ಅತ್ತೆ ಕೈಮುಗಿದು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು:

"ಅಳಿಯಂದ್ರು ಅವ್ರಾ ಅಲ್ಲಿ?"

"ಇದೀನಿ ಅತ್ತೆ, ತಪ್ಪಾಯ್ತು."

"ಅದಿರ್ಲಿ. ಎರಡು ಎಕ್ಕ ಮಡಿಕ್ಕಂಡು ಯಾರಾದ್ರೂ ಎಲೆ ಬಿಸಾಕ್ತಾರಾ?"

ಜಗಲಿಯ ರಮ್ಮಿಯಲ್ಲಿ ಇಡೀ ಚಿಕ್ಕಜಾಲವನ್ನು ಸೋಲಿಸಿದ ಹೆಂಗಸು ಅವರೆಂದು ನನಗೆ ಆಮೇಲೆ ಗೊತ್ತಾಯಿತು.

ಈಗ ಮ್ಯಾಕ್ ಚಿಕ್ಕಜಾಲದಲ್ಲಿದೆ. ಅತ್ತೆ ದಿಂಬಿನ ಮೇಲೆ ಕಾಲಿಟ್ಟುಕೊಂಡು ಎಂಟು ಟೇಬಲ್ ಆಡುತ್ತಾರೆ. ಭಾನುವಾರ ನಾವು ಹೋದಾಗ ಅವರ ಕಾಫಿಗೆ ಹಾಲು ಕಾಯಿಸುವ ಕೆಲಸ ನನ್ನದು. ಮೊನ್ನೆ ಅವರ ಆಟ ಇಣುಕಿ ನೋಡುತ್ತಾ ನಿಂತೆ. ಹಾಲು ಉಕ್ಕಿತು.

ಯಾರೂ ಕೈಮುಗಿಯಲಿಲ್ಲ!