ಲೋಕೇಶನ ಒಳಜೇಬು

ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನ ಹೊರಗೆ ಮುಖ ಮುಚ್ಚಿಕೊಂಡ ಸೈಕಲ್ ಸವಾರನೊಬ್ಬ ಲೋಕೇಶನ ಕೈಯಿಂದ ಫೋನ್ ಕಿತ್ತುಕೊಂಡು ಹೋದ. ಲಂಡನ್ನಿನಲ್ಲಿ ಇದು ಸುದ್ದಿಯೇ ಅಲ್ಲ. ಆದರೆ ಕಿತ್ತುಕೊಳ್ಳುವಾಗ ಕಳ್ಳನ ಮೊಣಕೈ ಲೋಕೇಶನಿಗೆ ತಾಗಿತು. ಇಲ್ಲಿ ಬಹುಕಾಲ ಬಾಳಿದ ಅಭ್ಯಾಸಬಲದಿಂದ ಲೋಕೇಶ ಕಳ್ಳನಿಗೆ "ಸಾರಿ" ಎಂದ. ಇದು ಸುದ್ದಿಯಾಯಿತು. ಎದುರು ಫ್ಲ್ಯಾಟಿನ ಪುರಂದರ ಪಕ್ಕದಲ್ಲೇ ಇದ್ದದ್ದರಿಂದ ಅವರಿಬ್ಬರೂ ತಮ್ಮ ಬಡಾವಣೆಯಾದ ಈಸ್ಟ್ ಹ್ಯಾಮ್ ತಲುಪುವ ಮೊದಲೇ ಸುದ್ದಿ ಅಲ್ಲಿಗೆ ತಲುಪಿತ್ತು.

ದೋಚಿದವನ ಕ್ಷಮೆ ಕೇಳುವುದು ಸೌಜನ್ಯವಲ್ಲ, ಸೌಜನ್ಯಕ್ಕೆ ಎಸಗುವ ಅಪಚಾರ, ನಿಜ. ಆದರೆ ದೋಚಿಸಿಕೊಂಡವನನ್ನು ಕಂಡು ನಗುವುದು ಅದಕ್ಕಿಂತ ಹೀನವಾದದ್ದು. ಈಸ್ಟ್ ಹ್ಯಾಮಿನ ಕನ್ನಡಿಗರು ಆ ಹೀನ ಕೆಲಸವನ್ನು ಮನಸಾರೆ ಮಾಡಿದರು. ಹೆಂಡತಿ ವೇದವತಿಯಂತೂ ಫೋನಿನಲ್ಲಿ ತನ್ನ ಅಕ್ಕನಿಗೆ ಕಥೆ ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲೋಕೇಶ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಅಂದಿನಿಂದ ಅವನಿಗೆ ಒಂದೇ ಹಂಬಲ: ಈ ಹೆಂಗಸು ಒಮ್ಮೆ, ಒಂದೇ ಒಂದು ಸಲ, ನಗದೆ ತನ್ನತ್ತ ನೋಡಬೇಕು.

ಹಂಬಲ ಅವನನ್ನು ಅಮೆರಿಕದವರ ವೆಬ್‌ಸೈಟುಗಳಿಗೆ ಕರೆದೊಯ್ದಿತು. ದಿನನಿತ್ಯ ಬಟ್ಟೆಯೊಳಗೆ ಅಡಗಿಸಿಕೊಂಡು ಓಡಾಡಲು ಯಾವ ಸಣ್ಣ ರಿವಾಲ್ವರ್ ಉತ್ತಮ ಎಂದು ಅಲ್ಲಿ ದೊಡ್ಡ ದೊಡ್ಡ ವಾಗ್ವಾದಗಳು ನಡೆದಿದ್ದವು. ಮಗಳಿಗೆ ವರ ನೋಡುವ ತಂದೆಯಂತೆ ಲೋಕೇಶ ಒಂದೊಂದರ ಗುಣದೋಷಗಳನ್ನೂ ತೂಗಿದ. ನಳಿಗೆ ಗಿಡ್ಡವಾಗಿರಬೇಕು. ಹಿಂಬದಿಯ ಕೊಕ್ಕೆ ಹೊರಚಾಚಿದ್ದರೆ ಕೋಟಿನ ಒಳಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಅಂಥದ್ದು ಬೇಡ. ತೀರಾ ಹಗುರವಾದದ್ದು ಹಾರಿಸಿದಾಗ ಕೈಯನ್ನು ಒದೆಯುತ್ತದಂತೆ. ಲೋಕೇಶ ಹಾರಿಸುವವನೇ ಅಲ್ಲದಿದ್ದರೂ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ. ಕೊನೆಗೆ ಐದು ಗುಂಡಿನ, ಮಂಕು ಬೂದುಬಣ್ಣದ ಒಂದು ಪುಟ್ಟ ರಿವಾಲ್ವರ್ ಅವನ ಮನಸ್ಸಿಗೆ ಒಪ್ಪಿತು.

ಒಪ್ಪಿತು, ಅಷ್ಟೇ. ಈ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಲೋಕೇಶನೋ, ಖಾಲಿ ರಸ್ತೆಯಲ್ಲೂ ಹಸಿರು ದೀಪಕ್ಕಾಗಿ ಕಾಯುವ ಮನುಷ್ಯ. ಚಿತ್ರವನ್ನು ಬಹಳ ಹೊತ್ತು ನೋಡಿ, ನಿಟ್ಟುಸಿರಿಟ್ಟು ಪುಟ ಮುಚ್ಚಿದ. ಆದರೆ ಎದೆಯ ಬಳಿ ಆ ಭಾರವಿದ್ದರೆ ನಡಿಗೆ ಹೇಗಿದ್ದೀತು ಎಂಬ ಆಸೆ ಮುಚ್ಚಲಿಲ್ಲ. ಆಯುಧಪೂಜೆಯ ಮಧ್ಯಾಹ್ನ, ಹೆಚ್ಚುಕಡಿಮೆ ಅಷ್ಟೇ ತೂಗುವ ಒಂದು ಅಚ್ಚು ಬೆಲ್ಲವನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಇಳಿಸಿದ. ತಲೆನೋವೆಂದು ಮಲಗಿದ್ದ ವೇದವತಿಯನ್ನು ಎಬ್ಬಿಸದೆ, ಕನ್ನಡ ಸಂಘದ ಪೂಜೆಗೆಂದು ಮೆಟ್ಟಿಲಿಳಿದ. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಸಭಾಂಗಣದಲ್ಲಿ ಏನೋ ಬದಲಾಗಿತ್ತು. ಪ್ರತಿವರ್ಷ ಅವನಿಂದ ಕುರ್ಚಿ ಹೊರಿಸುತ್ತಿದ್ದ ಅಧ್ಯಕ್ಷ ತಿರುಮಲೇಶರು ತಾವೇ ಒಂದು ಕುರ್ಚಿ ತಂದಿಟ್ಟರು. ಪುರಂದರನ ಹೆಂಡತಿ ಗುಣವತಿ ಕೇಳದೆಯೇ ಕಾಫಿ ತಂದಳು. ಅವನು ಕೆಮ್ಮಿದರೆ ಹಿಂದಿನ ಸಾಲು ಮೌನವಾಗುತ್ತಿತ್ತು. ಕಾರಣ ಸರಳ. ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಲೋಕೇಶನ ಭುಜದ ಮೇಲಿಂದ ಅವನ ಹೊಸ ಫೋನಿನಲ್ಲಿ ಆ ಪುಟಗಳನ್ನು ಓದಿದ್ದ ಪುರಂದರ, ಇಂದು ಕೋಟಿನ ಉಬ್ಬನ್ನೂ ಕಂಡಿದ್ದ.

ಲೋಕೇಶನಿಗೆ ವಿಷಯ ಅರ್ಥವಾಗಲು ಒಂದು ಲೋಟ ಕಾಫಿ ಮುಗಿಯಬೇಕಾಯಿತು. ಆ ಕ್ಷಣವೇ ಎದ್ದು ಸತ್ಯ ಹೇಳುವುದು ಅವನ ಧರ್ಮವಾಗಿತ್ತು. ಅವನು ಇನ್ನೊಂದು ಲೋಟ ಕಾಫಿ ಕುಡಿದ. ಅಷ್ಟು ಗೌರವವನ್ನು ಅವನು ಆ ಸಭಾಂಗಣದಲ್ಲಿ ಎಂದೂ ಉಂಡಿರಲಿಲ್ಲ.

ವೇದಿಕೆಯ ಮೇಲೆ ಲ್ಯಾಪ್‌ಟಾಪುಗಳು, ಕಾರಿನ ಕೀಲಿಗಳು, ಹೋಟೆಲಿನವರ ಸಟ್ಟುಗಗಳು ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದವು. ತಿರುಮಲೇಶರು ಬಳಿಗೆ ಬಂದು ಬಾಗಿದರು.

"ಲೋಕೇಶ್ ಅವ್ರೇ, ವರ್ಷಾ ವರ್ಷಾ ಸಟ್ಟುಗಕ್ಕೇ ಮಂಗಳಾರತಿ ಮಾಡಿ ಸಾಕಾಗಿದೆ. ಒಂದು ವರ್ಷನಾದ್ರೂ ನಿಜವಾದ ಆಯುಧ ಇರ್ಲಿ. ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಡಿ, ಯಾರೂ ಕೇಳಲ್ಲ."

ಲೋಕೇಶನ ಬೆವರು ಬೆಲ್ಲಕ್ಕೂ ತಟ್ಟಿತು. ಸುಳ್ಳು ಆಯುಧಕ್ಕೆ ದೇವರೆದುರು ಪೂಜೆ ಮಾಡಿಸುವಷ್ಟು ಅಧಃಪತನ ಅವನಿಂದಾಗದು. ಎಲ್ಲರೆದುರು ಕರವಸ್ತ್ರ ಬಿಚ್ಚಿ, ಇದು ಬೆಲ್ಲ, ತನ್ನ ಬಳಿ ಬೇರೇನೂ ಇಲ್ಲ, ಎಂದೂ ಇರಲಿಲ್ಲ ಎಂದು ಒಪ್ಪಿಕೊಂಡ. ನಗು ಸಿಡಿಯುವುದನ್ನೇ ಕಾಯುತ್ತ ಕಣ್ಣು ಮುಚ್ಚಿದ.

ನಗು ಬರಲಿಲ್ಲ. ತಿರುಮಲೇಶರು ಮೆಚ್ಚುಗೆಯಿಂದ ತಲೆದೂಗುತ್ತಿದ್ದರು.

"ಇದಕ್ಕೆ ಜಾಣತನ ಅಂತಾರೆ. ಇರೋರು ಯಾರಾದ್ರೂ ತೋರಿಸ್ತಾರೇನ್ರೀ? ತೋರಿಸೋ ಹಾಗಿದ್ರೆ ಅಡಗಿಸಿಟ್ಕೊಳ್ಳೋದು ಯಾಕೆ?"

ಸಭೆ ಒಪ್ಪಿತು. ಬೆಲ್ಲ ಪಾನಕಕ್ಕೆ ಹೋಯಿತು. ಲೋಕೇಶ ಪ್ರತಿಭಟಿಸಿದಷ್ಟೂ ಅವನ ಗಾಂಭೀರ್ಯ ಬೆಳೆಯಿತು. ಸತ್ಯಕ್ಕೆ ಇಷ್ಟು ಅವಮರ್ಯಾದೆ, ಅದೂ ದೇವರ ಸನ್ನಿಧಿಯಲ್ಲಿ, ಆಗಬಾರದಿತ್ತು, ಆಯಿತು.

ಅಕ್ಟೋಬರಿನ ಸಂಜೆ ಬೇಗ ಕತ್ತಲಾಗುತ್ತದೆ. ಪಾರ್ಕಿನ ಪಕ್ಕದ ದಾರಿಯಲ್ಲಿ ಮನೆಗೆ ಹೋಗುವಾಗ ಲೋಕೇಶ ಜೊತೆಗಿರಬೇಕೆಂದು ಎಲ್ಲರೂ ಬಯಸಿದರು. ಆದರೆ ಪಕ್ಕದಲ್ಲಿ ಯಾರೂ ನಡೆಯಲೊಲ್ಲರು.

"ನೀವು ಸ್ವಲ್ಪ ಹಿಂದಿನಿಂದ ಬನ್ನಿ ಮಾರಾಯ್ರೆ," ಎಂದ ಪುರಂದರ. "ಪೊಲೀಸರು ನಿಮ್ಮನ್ನ ಹಿಡಿದ್ರೆ ನಾನು ಜೊತೆಯಲ್ಲಿ ಇರ್ಬಾರ್ದು ನೋಡಿ. ಇಲ್ಲಿನ ಪೌರತ್ವಕ್ಕೆ ನಾನು ಹಾಕಿದ ಅರ್ಜಿ ಇನ್ನೂ ಹೋಮ್ ಆಫೀಸಲ್ಲಿ ಉಂಟು. ಕಾನೂನು ಅಂದ್ರೆ ಕಾನೂನು. ಆದ್ರೆ ತೀರಾ ದೂರ ಆಗ್ಬೇಡಿ ಆಯ್ತಾ, ಯಾರಾದ್ರೂ ಬಂದ್ರೆ ಕಷ್ಟ."

ಹೀಗೆ ಅವರೆಲ್ಲ ನಗುತ್ತ ಹರಟುತ್ತ ಮುಂದೆ ಹೋದರು. ಖಾಲಿ ಜೇಬಿನ ರಕ್ಷಕ, ಮದುವೆ ದಿಬ್ಬಣದ ಹಿಂದೆ ಬರುವ ಸಾಮಾನಿನ ಗಾಡಿಯಂತೆ, ಕತ್ತಲಲ್ಲಿ ಒಬ್ಬನೇ ಬಂದ. ಪೊದೆ ಅಲುಗಿದಾಗಲೆಲ್ಲ ಅವನ ಜೀವ ಬಾಯಿಗೆ ಬಂತು. ಈಗ ಅವನಿಗೆ ರಿವಾಲ್ವರ್ ಬೇಕೆನಿಸಲಿಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕೆನಿಸಿತು.

ಮನೆಯ ಬಾಗಿಲು ಸರಪಳಿ ಬಿಟ್ಟಷ್ಟೇ ತೆರೆಯಿತು. ಸಂದಿನಲ್ಲಿ ವೇದವತಿಯ ಒಂದು ಕಣ್ಣು. ಅದರಲ್ಲಿ ನಗುವಿನ ಸುಳಿವೇ ಇಲ್ಲ. ಇಷ್ಟು ದಿನ ಬೇಡಿದ್ದು ಕೈಗೂಡಿತ್ತು. 

"ಗುಣವತಿ ಎಲ್ಲಾ ಹೇಳಿದ್ಲು. ಅದನ್ನ ಎಲ್ಲಾದ್ರೂ ಬಿಸಾಕಿ ಬನ್ನಿ. ಆಮೇಲೆ ಒಳಗೆ."

"ನನ್ನ ಹತ್ರ ಏನೂ ಇಲ್ಲ ಕಣೇ."

"ಇಟ್ಕೊಂಡಿರೋರು ಹಾಗೇ ಹೇಳೋದಂತೆ."

ಜೇಬುಗಳನ್ನು ಹೊರಗೆಳೆದು ತೋರಿಸಿದ. ತೋರಿಸದ ಜೇಬು ಯಾವುದೆಂದು ಅವಳು ಕೇಳಿದಳು. ಆಣೆ ಹಾಕಿದ. ಬಾಗಿಲು ಮುಚ್ಚಿತು. ಇಲ್ಲದ ವಸ್ತುವನ್ನು ಎಸೆಯುವ ಜಾಗ ಎಲ್ಲಿದೆ? ಲೋಕೇಶ ಕೆಳಗಿಳಿದು, ಕೌನ್ಸಿಲ್ಲಿನ ಕಸದ ದೊಡ್ಡ ಡಬ್ಬಿಗಳ ಪಕ್ಕ ಕೈಕಟ್ಟಿ ನಿಂತ. ಮೇಲೆ ತನ್ನ ಮನೆಯ ಕಿಟಕಿಯಲ್ಲಿ ಹಳದಿ ಬೆಳಕಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದ ವೇದವತಿ ಅವನಿಗೆ ಬಹಳ ನೆನಪಾದಳು. ಚಳಿ ಮೂಳೆಗಿಳಿದ ಮೇಲೆ ಮೆಟ್ಟಿಲು ಹತ್ತಿ, ತೆರಿಗೆಯವರಿಗೂ ಸುಳ್ಳು ಹೇಳದ ಬಾಯಿಂದ ಹೇಳಿದ:

"ಎಸೆದು ಬಂದೆ."

ಸರಪಳಿ ಕಳಚಿತು. ವೇದವತಿ ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದಳು.

"ಅಂದ್ರೆ ಇದ್ದಿದ್ದು ನಿಜ."

ಲೋಕೇಶ ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಹಿಂದೆ ಎದುರು ಫ್ಲ್ಯಾಟಿನ ಬಾಗಿಲು ಸದ್ದಿಲ್ಲದೆ ತೆರೆಯಿತು. ಕಾನೂನುಪಾಲಕ ಪುರಂದರ ಲುಂಗಿಯ ಮೇಲೆ ಕೋಟು ತೊಟ್ಟು, ಕೈಯಲ್ಲಿ ಟಾರ್ಚು ಹಿಡಿದು ನಿಂತಿದ್ದ. ಅವನ ಕಣ್ಣುಗಳಲ್ಲಿದ್ದ ಹಂಬಲವನ್ನು ಲೋಕೇಶ ತಕ್ಷಣ ಗುರುತಿಸಿದ.

"ಬಿಸಾಡುವ ಮೊದಲು ನನ್ನತ್ರ ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ರೆ," ಎಂದು ಪಿಸುಗುಟ್ಟಿ, ಪುರಂದರ ಅವನ ತೋಳು ಹಿಡಿದ. "ಬನ್ನಿ, ಯಾವ ಡಬ್ಬಿ ಅಂತ ತೋರ್ಸಿ. ಬೆಳಿಗ್ಗೆ ಕಸದ ಗಾಡಿ ಬರ್ತದೆ."