ಸೇಫ್ಟಿ ಆಫೀಸರ್ ಸಫಾರಿಗೆ ಹೋದದ್ದು

ಇನ್ನೊಬ್ಬರಿಗೆ ಬುದ್ಧಿ ಹೇಳೋದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಮಾನ ಆಗಾಗ ಹರಾಜಾಗ್ತಾನೇ ಇರುತ್ತೆ. ನನ್ನದಂತೂ ಎಷ್ಟು ಸಲ ಆಗಿದೆಯೋ ಲೆಕ್ಕ ಇಟ್ಟಿಲ್ಲ. ಆದರೆ ವಿಮಾನದ ಟಿಕೆಟ್ ತೆಗೆಸಿ, ವೀಸಾ ಮಾಡಿಸಿ, ಹೆಂಡತಿ ಮಗಳನ್ನು ಸಾಕ್ಷಿಗೆ ಕರಕೊಂಡು ಹೋಗಿ ಮಾನ ಕಳಕೊಂಡು ಬಂದಿದ್ದು ಮಾತ್ರ ಹೋದ ಈದ್ ರಜೆಯಲ್ಲೇ.

ನಾನು ಒಮಾನಿನ ಸೊಹಾರ್‌ನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಊರು ವಿಜಾಪುರದ ಕಡೆ. ದಿನಾ ಬೆಳಿಗ್ಗೆ ಪಾಳಿ ಶುರುವಾಗೋ ಮುಂಚೆ ಕೆಲಸಗಾರರನ್ನೆಲ್ಲಾ ಸಾಲಾಗಿ ನಿಲ್ಲಿಸಿ, ಹೆಲ್ಮೆಟ್ ಹಾಕು, ಬೆಲ್ಟ್ ಕಟ್ಟು, ಹೇಳಿದ ಜಾಗ ಬಿಟ್ಟು ಅಲ್ಲಾಡಬೇಡ ಅಂತ ಹತ್ತು ನಿಮಿಷ ಉಪದೇಶ ಮಾಡೋದು ನನ್ನ ಕೆಲಸ. ಮನೆಯಲ್ಲೂ ಅದೇ ಚಟ. ನನ್ನ ಹೆಂಡತಿ ಒಲೆ ಹಚ್ಚುವಾಗ, "ಸಾಹೇಬರ, ಪರ್ಮಿಟ್ ಕೊಡ್ರಿ, ಒಗ್ಗರಣಿ ಹಾಕೂದೈತಿ" ಅಂತ ಅಣಕಿಸ್ತಾಳೆ. ಒಂಬತ್ತನೇ ಕ್ಲಾಸಿನ ಮಗಳು ಅಣಕಿಸೋ ಕಷ್ಟಾನೂ ತಗೊಳ್ಳೋದಿಲ್ಲ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ತಾಳೆ.

ಈ ಸಲ ರಜೆಗೆ ಊರು ಬೇಡ, ಕೀನ್ಯಾಕ್ಕೆ ಹೋಗಿ ಸಿಂಹ ನೋಡೋಣ ಅಂತಾಯ್ತು. ಮಸ್ಕತ್ತಿನ ಖುರುಮ್‌ನ ಆಫೀಸೊಂದರಲ್ಲಿ ಕೆಲಸ ಮಾಡೋ ಉಡುಪಿಯ ಗೆಳೆಯನ ಹೆಂಡತಿ ಊರಿಗೆ ಹೋಗಿದ್ದರು. "ಒಬ್ಬನೇ ಮನೆಯಲ್ಲಿ ಕೂತು ಎಂತ ಮಾಡುದು ಮಾರಾಯ್ರೇ, ನಾನೂ ಬರ್ತೇನೆ" ಅಂತ ಆ ಗೆಳೆಯ ನಮ್ಮ ಜೊತೆ ಹೊರಟರು. ಒಟ್ಟು ನಾಲ್ಕು ಜನ. ನಾಯಕ ಯಾರು ಅಂತ ಯಾರೂ ಕೇಳಲಿಲ್ಲ. ನಾನೇ ಆಗಿಬಿಟ್ಟೆ.

ಕಾಣಬೇಕು, ಕಾಣಬಾರದು

ಟೂರ್‌ನವರು ಮೊದಲೇ ಒಂದು ಪಟ್ಟಿ ಕಳಿಸಿದ್ದರು. ಮಣ್ಣಿನ ಬಣ್ಣದ ಬಟ್ಟೆ ಹಾಕಿ, ಕಣ್ಣಿಗೆ ಹೊಡೆಯೋ ಬಣ್ಣ ಬೇಡ ಅಂತ ಅದರಲ್ಲಿ ಇತ್ತಂತೆ. ನಾನು ಆ ಪಟ್ಟಿ ಓದಲಿಲ್ಲ. ಸೇಫ್ಟಿ ಪಟ್ಟಿ ಬರೆಯೋನು ನಾನು, ಬೇರೆಯವರು ಬರೆದಿದ್ದನ್ನು ಯಾಕೆ ಓದಲಿ?

ಕಾಡಿಗೆ ಹೊರಟ ಮೊದಲ ಬೆಳಿಗ್ಗೆ ಸೂಟ್‌ಕೇಸಿನಿಂದ ನಾಲ್ಕು ಜಾಕೆಟ್ ತೆಗೆದೆ. ಕಾರ್ಖಾನೆಯಲ್ಲಿ ನಾವು ತೊಡೋ ಅದೇ ಹಳದಿ ಜಾಕೆಟ್, ಬೆಳಕು ಬಿದ್ದರೆ ಫಳಫಳ ಹೊಳೆಯೋ ಪಟ್ಟಿ ಇರೋದು. ಮೈಲಿ ದೂರದಿಂದ ಕಾಣುತ್ತೆ. ನನ್ನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಏನ್ರೀ, ನಾವು ಸಿಂಹ ನೋಡಾಕ ಹೊಂಟೀವೋ, ರೋಡಿಗೆ ಡಾಂಬರ್ ಹಾಕಾಕ ಹೊಂಟೀವೋ?" ಅಂದಳು.

"ಕಾಡಿನ್ಯಾಗ ಕಳದ ಹೋದ್ರ ಗೊತ್ತಾಗಬೇಕು. ಎದ್ದು ಕಾಣೂದ ಜೀವಕ್ಕ ಒಳ್ಳೇದು" ಅಂದೆ.

ಹೊರಗೆ ಗೈಡ್ ಗಾಡಿ ಒರೆಸ್ತಾ ನಿಂತಿದ್ದ. ಮೂವತ್ತರ ಆಸುಪಾಸಿನ ಸೌಮ್ಯ ಮನುಷ್ಯ, ಎರಡು ಮಕ್ಕಳ ತಂದೆ. ಶರ್ಟಿನ ಮೇಲೆ ಹೊಚ್ಚ ಹೊಸ ಹಿತ್ತಾಳೆ ಬಿಲ್ಲೆ. ಆರು ವರ್ಷ ಬೇರೆಯವರ ಗಾಡಿ ತೊಳೆದು, ಪರೀಕ್ಷೆ ಬರೆದು, ಈ ವರ್ಷ ಲೈಸೆನ್ಸ್ ಸಿಕ್ಕಿದೆ ಅಂತ ಇಂಗ್ಲಿಷಿನಲ್ಲಿ ಹೇಳಿಕೊಂಡ. ಈ ಸೀಸನ್ ಮುಗಿಯೋವರೆಗೆ ಅವನ ಮೇಲೆ ಒಂದೇ ಒಂದು ದೂರು ಬಂದರೂ ಬಿಲ್ಲೆ ವಾಪಸ್, ಮತ್ತೆ ಗಾಡಿ ತೊಳೆಯೋದೇ ಗತಿ.

ನಾನು ಅವನ ಬೆನ್ನು ತಟ್ಟಿ, "ನಾನಿರೋವಾಗ ಹೆದರಬೇಡ. ನಾನೂ ಈ ಲೈನಿನವನೇ, ಸೇಫ್ಟಿ ಆಫೀಸರ್" ಅಂದೆ. ಅವನು ನನ್ನ ಜಾಕೆಟನ್ನು ಮೇಲಿಂದ ಕೆಳಗೆ ನೋಡಿ ಬಹಳ ವಿನಯದಿಂದ ಕೇಳಿದ: "ಸರ್, ನೀವು ಪ್ರಾಣಿಗಳನ್ನು ನೋಡಬೇಕೋ, ಪ್ರಾಣಿಗಳು ನಿಮ್ಮನ್ನು ನೋಡಬೇಕೋ?"

ಸಿಂಹ ಒಳಗೆ ಬಂದರೆ

ಹೊರಡೋ ಮುಂಚೆ ಅವನು ನಿಯಮ ಹೇಳಿದ. ಗಾಡಿಯಿಂದ ಇಳಿಯಬಾರದು, ಗಲಾಟೆ ಮಾಡಬಾರದು, ಪ್ರಾಣಿ ಹತ್ತಿರ ಇದ್ದಾಗ ಏನೂ ತಿನ್ನಬಾರದು. ಎರಡು ನಿಮಿಷಕ್ಕೆ ಮುಗಿಸಿಬಿಟ್ಟ. ನನಗೆ ತಡೀಲಿಲ್ಲ. ಎರಡು ನಿಮಿಷದ ಸೇಫ್ಟಿ ಪಾಠ ಅಂದರೆ ಏನರ್ಥ? ಕೈ ಎತ್ತಿದೆ.

"ಅಪಾಯ ಬಂದಾಗ ಎಲ್ಲರೂ ಬಂದು ಸೇರೋ ಜಾಗ ಯಾವುದು?"

"ಗಾಡಿ, ಸರ್."

"ಗಾಡಿ ಕೆಟ್ಟು ನಿಂತರೆ?"

"ಗಾಡಿಯಲ್ಲೇ ಇರಿ, ಸರ್."

"ಗಾಡಿ ಮಗುಚಿದರೆ?"

"ಮಗುಚಿದ ಗಾಡಿಯಲ್ಲೇ ಇರಿ, ಸರ್."

ಮಗಳು ನನ್ನ ತೋಳು ಎಳೆದು, "ಡ್ಯಾಡ್, ಸ್ಟಾಪ್, ಪ್ಲೀಸ್" ಅಂದಳು. ಪಕ್ಕದ ಗಾಡಿಯ ವಿದೇಶಿಯರೂ ಕಿವಿ ನಿಮಿರಿಸಿ ಕೇಳ್ತಾ ಇದ್ದರು. ಕೇಳೋರು ಹೆಚ್ಚಾದಷ್ಟೂ ನನಗೆ ಹುರುಪು.

"ಸರಿ. ಸಿಂಹನೇ ಗಾಡಿ ಒಳಗೆ ಬಂದುಬಿಟ್ಟರೆ?"

ಗೈಡ್ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚನೆ ಮಾಡಿದ. ಆಮೇಲೆ, "ಆಗ ನೀವು ಇಳಿಯಬಹುದು, ಸರ್" ಅಂದ.

ಕಟಂ

ಎರಡನೇ ದಿನದ್ದು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ನಮ್ಮ ಕಡೆಯವರು ಪರಸ್ಥಳಕ್ಕೆ ಹೊರಟರೆ ಪಾಸ್‌ಪೋರ್ಟ್ ಮರೆತಾರು, ರೊಟ್ಟಿ ಮರೆಯೋದಿಲ್ಲ. ನನ್ನ ಹೆಂಡತಿ ಐವತ್ತು ಖಡಕ್ ಜೋಳದ ರೊಟ್ಟಿ ಬಡಿದು, ಒಣಗಿಸಿ, ಶೇಂಗಾ ಚಟ್ನಿಪುಡಿ ಜೊತೆ ಕಟ್ಟಿದ್ದಳು. ಸೊಹಾರ್‌ನಿಂದ ಮಸ್ಕತ್, ಅಲ್ಲಿಂದ ನೈರೋಬಿ, ಅಲ್ಲಿಂದ ಕಾಡು, ಇಷ್ಟು ದೂರ ಬಂದರೂ ಒಂದೂ ಮುರಿದಿರಲಿಲ್ಲ. ಆ ನಮೂನೆ ಗಟ್ಟಿ.

ಮಧ್ಯಾಹ್ನದ ಹೊತ್ತಿಗೆ ಒಂದು ಚೀತಾ ಸಿಕ್ಕಿತು. ಹುಲ್ಲಿನಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಒಂದು ಜಿಂಕೆಯ ಕಡೆ ಹೋಗ್ತಾ ಇತ್ತು. ಸುತ್ತ ಏಳೆಂಟು ಗಾಡಿ ನಿಂತಿದ್ದವು. ಎಲ್ಲರ ಇಂಜಿನ್ ಬಂದ್, ಬಾಯಿ ಬಂದ್. ಪಕ್ಕದ ಗಾಡಿಯಲ್ಲಿ ಬಿಳಿಕೂದಲಿನ ದಂಪತಿ, ಮೊಳಕೈ ಉದ್ದದ ಕ್ಯಾಮೆರಾ ಹಿಡಿದು ಬೆಳಗಿನಿಂದ ಈ ಒಂದು ಗಳಿಗೆಗೆ ಕಾಯ್ತಾ ಇದ್ದರಂತೆ. ಚೀತಾ ಒಂದು ಹೆಜ್ಜೆ ಇಡುತ್ತೆ, ನಿಲ್ಲುತ್ತೆ. ಇನ್ನೊಂದು ಇಡುತ್ತೆ, ನಿಲ್ಲುತ್ತೆ. ಹೀಗೇ ಮುಕ್ಕಾಲು ಗಂಟೆ.

ನನಗೆ ಹಸಿವು. ಕೈ ತಾನಾಗೇ ಚೀಲಕ್ಕೆ ಹೋಯ್ತು. ಒಂದು ಚೂರು, ಬರೀ ಒಂದು ಚೂರು ಅಂತ ಬಾಯಿಗೆ ಇಟ್ಟು ಕಡಿದೆ.

ಕಟಂ!

ಮನೆಯಲ್ಲಿ ಅದು ಅಷ್ಟು ದೊಡ್ಡ ಸದ್ದು ಅಂತ ಯಾವತ್ತೂ ಅನಿಸಿರಲಿಲ್ಲ. ಜಿಂಕೆ ತಲೆ ಎತ್ತಿತು, ಮರುಗಳಿಗೆಯಲ್ಲಿ ಅದರ ಬಾಲವೂ ಕಾಣಲಿಲ್ಲ. ಚೀತಾ ಎದ್ದು ನಿಂತು ನೇರ ನನ್ನ ಕಡೆ ತಿರುಗಿ ನೋಡಿತು. ಸಿಟ್ಟೂ ಅಲ್ಲ, ಒಂಥರಾ ಬೇಜಾರು. ಅದರ ಹಿಂದೆಯೇ ಏಳೆಂಟು ಗಾಡಿಯವರೂ ನೋಡಿದರು. ಬಿಳಿಕೂದಲಿನ ಅಜ್ಜಿ ಕ್ಯಾಮೆರಾ ಕೆಳಗಿಟ್ಟು ಕಣ್ಣು ಒರೆಸಿಕೊಂಡರು. ನನ್ನ ಬಾಯಿಯಲ್ಲಿ ಇನ್ನೂ ರೊಟ್ಟಿ. ಅಗಿದರೆ ಮತ್ತೆ ಸದ್ದು, ಉಗುಳೋ ಹಾಗಿಲ್ಲ, ಅದು ನೆನೆಯೋವರೆಗೂ ಕೆನ್ನೆ ಉಬ್ಬಿಸಿಕೊಂಡು ಕೂತೆ. ಮಗಳು ಸೀಟಿನ ಕೆಳಗೆ ಜಾರಿ ಮರೆಯಾದಳು. ಗೈಡ್ ವೈರ್‌ಲೆಸ್ಸಿನಲ್ಲಿ ಯಾರಿಗೋ ಕ್ಷಮೆ ಕೇಳ್ತಾ ಇದ್ದ. ನನ್ನ ಪರವಾಗಿ ಅವನು ಕ್ಷಮೆ ಕೇಳೋದು ನೋಡಿ ರೊಟ್ಟಿ ಚೀಲದ ಬಾಯಿ ಬಿಗಿಯಾಗಿ ಕಟ್ಟಿದೆ.

ತುಂಬಾ ಹೊತ್ತಾದ ಮೇಲೆ ಉಡುಪಿಯ ಗೆಳೆಯ ಪಿಸುಗುಟ್ಟಿದರು: "ಅದಕ್ಕೇ ಮಾರಾಯ್ರೇ, ನಾವು ಅವಲಕ್ಕಿ ಹಿಡ್ಕೊಂಡು ಬರುದು."

ಅರ್ಧ ನಿಮಿಷದ ಕೆಲಸ

ಮೂರನೇ ದಿನ, ಅಂದರೆ ಕೊನೇ ದಿನ, ಬಯಲಿನ ನಡುವೆ ಗಾಡಿ ನಿಂತಿತ್ತು. ಗೈಡ್ ಮುಂದೆ ಕೂತು ವೈರ್‌ಲೆಸ್ಸಿನಲ್ಲಿ ಆನೆ ಹಿಂಡು ಎಲ್ಲಿದೆ ಅಂತ ವಿಚಾರಿಸ್ತಾ ಇದ್ದ. ಚಾವಣಿ ತೆರೆದಿತ್ತು, ನಾನು ಎದ್ದು ನಿಂತಿದ್ದೆ. ಬೀಸಿದ ಗಾಳಿಗೆ ನನ್ನ ಟೋಪಿ ಹಾರಿ ಹತ್ತು ಹೆಜ್ಜೆ ದೂರ ಬಿತ್ತು.

ಸುತ್ತ ನೋಡಿದೆ. ಮೊಣಕಾಲಿನಷ್ಟೂ ಎತ್ತರವಿಲ್ಲದ ಹುಲ್ಲು. ಒಂದು ಪ್ರಾಣಿಯ ಸುಳಿವೂ ಇಲ್ಲ.

ನಮ್ಮ ಕಾರ್ಖಾನೆಯಲ್ಲಿ ಬೆಲ್ಟ್ ಕಟ್ಟದೆ ಮೇಲೆ ಹತ್ತಿದವನನ್ನು ಹಿಡಿದು ಕೇಳಿದರೆ ಎಲ್ಲರೂ ಹೇಳೋದು ಒಂದೇ ಮಾತು, "ಸಾಬ್, ಆಧೇ ಮಿನಿಟ್ ಕಾ ಕಾಮ್ ಥಾ." ಅಂಥವರಿಗೆ ನಾನು ದಯೆ ದಾಕ್ಷಿಣ್ಯ ಇಲ್ಲದೆ ವಾರ್ನಿಂಗ್ ಲೆಟರ್ ಕೊಡ್ತೀನಿ. ಈಗ ನನ್ನ ತಲೆಯಲ್ಲಿ ಬಂದಿದ್ದೂ ಅದೇ ಮಾತು. ಹಿಂದಿನ ಬಾಗಿಲು ತೆಗೆದು ಇಳಿದೆ.

"ಅಯ್ಯೋ, ಎಲ್ಲಿಗ್ರೀ!" ಅಂತ ಹೆಂಡತಿ ಕೂಗೋದರೊಳಗೆ ಟೋಪಿ ಕೈಯಲ್ಲಿತ್ತು. ಅಷ್ಟರಲ್ಲಿ ನನ್ನ ಕಾಲಬುಡದ ಬಿಲದಿಂದ ಕೋರೆಹಲ್ಲಿನ ಒಂದು ಕಾಡುಹಂದಿ ಧಡಾರನೆ ಹೊರಗೆ ನುಗ್ಗಿತು. ಪಾಪ, ಅದು ಬಾಲ ನೆಟ್ಟಗೆ ಎತ್ತಿಕೊಂಡು ಆ ಕಡೆ ಓಡಿತು. ನಾನು "ಯಪ್ಪೋ!" ಅಂತ ಕಣ್ಣುಮುಚ್ಚಿ ಈ ಕಡೆ ಓಡಿ, ಎದುರಿಗೆ ಸಿಕ್ಕ ಗಾಡಿಗೆ ಹಾರಿ, ಬಾಗಿಲು ಹಾಕಿಕೊಂಡು, ಬದುಕಿದೆಯಾ ಬಡಜೀವವೇ ಅಂತ ಉಸಿರು ಬಿಟ್ಟೆ.

ದೂರದಿಂದ ಗೆಳೆಯನ ದನಿ ಕೇಳಿತು: "ಮಾರಾಯ್ರೇ, ಆ ಗಾಡಿಗೆ ಎಂತಕ್ಕೆ ಹತ್ತಿದ್ದು?"

ಕಣ್ಣು ಬಿಟ್ಟೆ. ಅಕ್ಕಪಕ್ಕ ಹಸಿರು ಸಮವಸ್ತ್ರದ ಇಬ್ಬರು ಕೂತಿದ್ದರು. ನಮ್ಮ ಹಿಂದೆ ಆಗತಾನೇ ಬಂದು ನಿಂತಿದ್ದ ಕಾಡಿನ ಕಾವಲಿನವರ ಜೀಪು ಅದು. ಗಾಡಿಯಿಂದ ಇಳಿದವರನ್ನು ಹಿಡಿಯೋದು ಅವರ ಕೆಲಸ. ಆ ಶ್ರಮವನ್ನೂ ಕೊಡದೆ ನಾನಾಗೇ ಹೋಗಿ ಹತ್ತಿದ್ದೆ.

ಅವರಲ್ಲೊಬ್ಬ ಕೇಳಿದ: "ಇಳಿಯಬಾರದು ಅಂತ ನಿಮ್ಮ ಗೈಡ್ ಹೇಳಲಿಲ್ಲವಾ?"

"ಇಲ್ಲ" ಅಂದೆ.

ಅಂದುಬಿಟ್ಟೆ! ಯೋಚನೆ ಮಾಡಿ ಅಂದಿದ್ದಲ್ಲ, ನಾಲಿಗೆ ತಾನೇ ಅಂದುಬಿಟ್ಟಿತು. ನನಗೆ ಯಾರೂ ಹೇಳಲಿಲ್ಲ ಸಾಬ್ ಅಂತ ಕೆಲಸಗಾರರು ಹೇಳುವಾಗ ಎಷ್ಟು ಸಲ ನಾನು ಟೇಬಲ್ ಕುಟ್ಟಿ ಬೈದಿದ್ದೇನೆ. ಅಷ್ಟರಲ್ಲಿ ಗೈಡ್ ನಮ್ಮ ಗಾಡಿಯನ್ನು ಜೀಪಿನ ಪಕ್ಕಕ್ಕೆ ತಂದು ನಿಲ್ಲಿಸಿದ್ದ. ಮಗಳು ಕಿಟಕಿಯಿಂದ ನನ್ನನ್ನೇ ನೋಡ್ತಾ, "ಡ್ಯಾಡ್, ಹೀ ಟೋಲ್ಡ್ ಅಸ್" ಅಂದಳು. ಮೆಲ್ಲಗೆ ಅಂದಳು. ನನಗೆ ಚೆನ್ನಾಗಿ ಕೇಳಿಸಿತು, ಆದರೂ ಕೇಳಿಸದವನ ಹಾಗೆ ಮುಖ ತಿರುಗಿಸಿದೆ.

ಎಲ್ಲರನ್ನೂ ಗೇಟಿನ ಆಫೀಸಿಗೆ ಕರಕೊಂಡು ಹೋದರು. ಕನ್ನಡಕದ ಹಿರಿಯ ಅಧಿಕಾರಿ ನನ್ನ ಮುಂದೆ ಒಂದು ಫಾರ್ಮ್ ಇಟ್ಟರು. ಹೆಸರು, ದೇಶ ಬರೆದೆ. ಉದ್ಯೋಗದ ಮುಂದೆ ಪೆನ್ನು ನಿಂತಿತು. ನಾಚಿಕೆಯಾಗಿ "ಖಾಸಗಿ ನೌಕರಿ" ಅಂತ ಬರೆದುಬಿಟ್ಟೆ.

ಅಧಿಕಾರಿ ಗೈಡ್‌ನ ಕಡೆ ತಿರುಗಿ, ಹೇಳಿದ್ದೆಯಾ ಅಂತ ಕೇಳಿದರು. ಅವನು ನನ್ನ ಮುಖ ನೋಡಲಿಲ್ಲ. "ಅತಿಥಿಗಳಿಗೆ ಸರಿಯಾಗಿ ಅರ್ಥವಾಗೋ ಹಾಗೆ ನಾನು ಹೇಳಿಲ್ಲವೇನೋ, ಸರ್" ಅಂದು, ಶರ್ಟಿನಿಂದ ಬಿಲ್ಲೆ ಬಿಚ್ಚಿ ತಾನೇ ಟೇಬಲ್ ಮೇಲೆ ಇಟ್ಟ. ಮೂರು ದಿನ ನಿಯಮ ಹೇಳಿದ್ದ, ನನ್ನ ನೂರೆಂಟು ಪ್ರಶ್ನೆಗೆ ಉತ್ತರ ಕೊಟ್ಟಿದ್ದ. ಅಷ್ಟಾಗಿಯೂ ನನ್ನನ್ನು ಸುಳ್ಳುಗಾರ ಅನ್ನಲಿಲ್ಲ.

ಹೆಂಡತಿ ಕಿವಿಯಲ್ಲಿ ಹೇಳಿದಳು: "ರೀ, ಆ ಮನುಷ್ಯಾನ ಅನ್ನಕ್ಕ ಕಲ್ಲು ಹಾಕಬ್ಯಾಡ್ರಿ. ನಿಮಗ ಕೈ ಮುಗಿತೀನಿ."

ಎದ್ದು ನಿಂತೆ. "ಸರ್, ಅವನು ದಿನಾ ಹೇಳಿದ್ದಾನೆ. ನಾನು ಸುಳ್ಳು ಹೇಳಿದೆ. ತಪ್ಪು ಪೂರಾ ನನ್ನದು" ಅಂದೆ.

ಅಧಿಕಾರಿಗೆ ಆಶ್ಚರ್ಯವೇ ಆಗಲಿಲ್ಲ. "ಇದನ್ನೂ ದಿನಾ ಕೇಳ್ತೀನಿ. ಮೊದಲು ಡ್ರೈವರ್ ಮೇಲೆ ಹಾಕ್ತೀರಿ, ಆಮೇಲೆ ಅಯ್ಯೋ ಪಾಪ ಅಂತ ನಿಮ್ಮ ಮೇಲೆ ಹಾಕಿಕೊಳ್ತೀರಿ. ಯಾವುದನ್ನು ನಂಬಲಿ? ನೀವು ಹೊರಗಿನವರು, ನಿಮಗೆ ಅಪಾಯ ಅಂದರೆ ಏನು ಗೊತ್ತು? ಗೊತ್ತಿರೋನು ಇವನು, ಜವಾಬ್ದಾರಿ ಇವನದು" ಅಂತ ಬಿಲ್ಲೆ ತಗೊಂಡು ಡ್ರಾಯರ್ ಎಳೆದರು.

ಪರ್ಸಿನಿಂದ ಕಂಪನಿಯ ಗುರುತಿನ ಚೀಟಿ ತೆಗೆದು ಟೇಬಲ್ ಮೇಲೆ ಇಟ್ಟೆ. ಅದರಲ್ಲಿ ನನ್ನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಹುದ್ದೆ.

ಅಧಿಕಾರಿ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಗಟ್ಟಿಯಾಗಿ ಓದಿದರು, "ಸೀನಿಯರ್ ಸೇಫ್ಟಿ ಆಫೀಸರ್." ಆಮೇಲೆ ನನ್ನನ್ನು ನೋಡಿ, "ಅಂದರೆ ಏನು ಕೆಲಸ?" ಅಂತ ಕೇಳಿದರು.

"ಹೇಳಿದ ಜಾಗ ಬಿಟ್ಟು ಇಳಿಯಬೇಡಿ ಅಂತ ಜನರಿಗೆ ಹೇಳೋದು, ಸರ್."

"ಎಷ್ಟು ವರ್ಷದಿಂದ?"

"ಹತ್ತೊಂಬತ್ತು."

ಅಧಿಕಾರಿಯ ಭುಜ ಕುಲುಕೋಕೆ ಶುರುವಾಯ್ತು. ಒಳಗಿನ ಕೋಣೆಯಿಂದ ಇನ್ನೂ ಮೂವರನ್ನು ಕರೆದು ಚೀಟಿ ತೋರಿಸಿದರು. ಅವರೂ ಓದಿ, ನನ್ನನ್ನು ನೋಡಿ, ಗೋಡೆ ಹಿಡಿದುಕೊಂಡು ನಕ್ಕರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ. ಅಧಿಕಾರಿ ಕಣ್ಣೀರು ಒರೆಸಿಕೊಂಡು ಬಿಲ್ಲೆಯನ್ನು ಗೈಡ್‌ನ ಕಡೆ ತಳ್ಳಿ, "ತಗೋ. ಈ ಮನುಷ್ಯನಿಗೆ ಗೊತ್ತಿರಲಿಲ್ಲ ಅಂತ ಇನ್ನು ದೇವರೂ ಹೇಳೋ ಹಾಗಿಲ್ಲ" ಅಂದರು. ಗೈಡ್ ಬಿಲ್ಲೆಯನ್ನು ತೋಳಿಗೆ ಒರೆಸಿ ಮತ್ತೆ ಶರ್ಟಿಗೆ ಚುಚ್ಚಿಕೊಂಡ. ಮಗಳು ಬಂದು ನನ್ನ ಪಕ್ಕ ನಿಂತಳು.

ಖಲಾಸ್, ಮುಗೀತು ಅಂತ ಚೀಟಿಗೆ ಕೈ ಚಾಚಿದೆ. ಅಧಿಕಾರಿ ಅದನ್ನು ಝೆರಾಕ್ಸ್ ಮೆಷಿನ್ ಕಡೆ ತಗೊಂಡು ಹೊರಟರು.

"ಅದು ಯಾಕೆ, ಸರ್?"

"ಹೊಸ ಗೈಡ್‌ಗಳ ಟ್ರೇನಿಂಗಿಗೆ. ಎಂಥೆಂಥ ಪ್ರವಾಸಿಗರು ಬರ್ತಾರೆ ಅಂತ ಬಾಯಲ್ಲಿ ಹೇಳಿದರೆ ಅವರು ನಂಬೋದಿಲ್ಲ."

ಹೆಸರನ್ನಾದರೂ ಮುಚ್ಚಿ ಅಂತ ಕೈ ಮುಗಿದೆ. ಒಳ್ಳೆಯ ಮನುಷ್ಯ, ಹೆಸರಿನ ಮೇಲೆ ಒಂದು ಕಾಗದದ ಪಟ್ಟಿ ಇಟ್ಟರು. ಬಿಸಿಬಿಸಿ ಹಾಳೆ ಹೊರಗೆ ಬಂತು. ನೋಡಿದರೆ ಹೆಸರು ಒಂದಕ್ಷರವೂ ಬಿದ್ದಿರಲಿಲ್ಲ. ಮುಖ ಮತ್ತು ಹುದ್ದೆ ಮಾತ್ರ ಎದ್ದು ಹೊಡೀತಾ ಇದ್ದವು.

ಹಿಂದಿನಿಂದ ಉಡುಪಿಯ ಗೆಳೆಯ ಕೈ ಎತ್ತಿದರು: "ಸರ್, ಒನ್ ಮೋರ್ ಕಾಪಿ, ಪ್ಲೀಸ್."

ನನ್ನ ಹೆಂಡತಿ ಅವರ ಕಡೆ ಬಗ್ಗಿ ಅಂದಳು, "ಎರಡು ಅನ್ರಿ. ನನಗೊಂದು ಬೇಕು."