ಹತ್ತಕ್ಕೆ ಆರು

"ಆರು ವಾರ! ಈ ಆರು ವಾರದಲ್ಲಿ ನನ್ನ ಬಾಯಿಂದ ಸ್ಪ್ಯಾನಿಷ್ ಬಿಟ್ಟು ಇನ್ನೊಂದು ಮಾತು ಬಂದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ!"

ವಿದೇಶಕ್ಕೆ ಹೊರಡುವ ಮುನ್ನಾದಿನ ಸ್ಟಾಫ್ ರೂಮಿನ ನಡುವೆ ನಿಂತು ಮೇಷ್ಟ್ರು ಹೀಗೆ ಭೀಷಣ ಪ್ರತಿಜ್ಞೆ ಮಾಡಿದರು. ಅಲ್ಲಿದ್ದವರು ಯಾರೂ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಮೇಷ್ಟ್ರು ಹತ್ತೊಂಬತ್ತು ವರ್ಷದಿಂದ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಸುವವರು. ವ್ಯಾಕರಣ ಅವರಿಗೆ ಕರತಲಾಮಲಕ. ಆದರೆ ಆ ಭಾಷೆ ಆಡುವ ಒಬ್ಬ ಮನುಷ್ಯನ ಎದುರು ಕೂತು "ಊಟ ಆಯ್ತಾ?" ಎಂದು ಕೇಳಿದವರಲ್ಲ. ಈ ಗುಟ್ಟು ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ಈಚೆಗೆ ಪ್ರಿನ್ಸಿಪಾಲರಿಗೂ ವಾಸನೆ ಬಡಿದಿತ್ತು.

"ಮುಂದಿನ ವರ್ಷದಿಂದ ಮಾತಾಡೋ ತರಗತೀನೇ ಮುಖ್ಯ ಮೇಷ್ಟ್ರೇ," ಎಂದರು ಪ್ರಿನ್ಸಿಪಾಲರು. "ಆ ಭಾಷೆ ಆಡೋ ದೇಶದಲ್ಲಿ ಆರು ವಾರ ತರಗತಿಗೆ ಹೋಗ್ತಾ ಒಂದು ಮನೇಲಿ ಇದ್ದು ಬನ್ನಿ. ಇವರು ನಮ್ಮ ಜೊತೆ ಮಾತಾಡ್ಕೊಂಡು ಬಾಳಿದ್ರು ಅಂತ ಆ ಮನೆಯವರ ಕೈಬರಹದಲ್ಲಿ ಒಂದು ಪತ್ರ ತನ್ನಿ. ತರದಿದ್ರೆ ನಿಮಗೆ ಲೈಬ್ರರಿ ಕೆಲಸ."

ತರಗತಿಯಿಲ್ಲದ ಮೇಷ್ಟ್ರು ಎಂದರೆ ಏನೆಂದು ಅವರಿಗೆ ಊಹಿಸಲೂ ಆಗಲಿಲ್ಲ. ಹೊರಟೇಬಿಟ್ಟರು.

ಅವರು ಇಳಿದುಕೊಂಡದ್ದು ಒಂದು ಟೈಲರ್ ಅಂಗಡಿಯ ಮೇಲಿನ ಮನೆ. ಎರಡು ಕೋಣೆ, ಒಂದು ಕಿರಿದಾದ ಅಡುಗೆಮನೆ. ಯಜಮಾನಿಗೆ ಅರವತ್ತು ದಾಟಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದರು. ಹೋಗುವ ಮುಂಚೆ ಫ್ರಿಡ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಒತ್ತಿ ಒಂದು ಚೀಟಿ ಸಿಕ್ಕಿಸಿರುತ್ತಿದ್ದರು: ಊಟ ಎಲ್ಲಿದೆ, ಬೀಗದ ಕೈ ಎಲ್ಲಿದೆ, ಇವತ್ತು ಚಳಿ ಜಾಸ್ತಿ, ಕೋಟು ಹಾಕಿಕೊಳ್ಳಿ.

ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಯಜಮಾನಿ ಏನಾದರೂ ಕೇಳುವರು. ಮೇಷ್ಟ್ರು ಮನಸ್ಸಿನಲ್ಲೇ ವಾಕ್ಯ ಕಟ್ಟಿ, ಅದನ್ನು ತಿದ್ದಿ, ಮತ್ತೊಮ್ಮೆ ತಿದ್ದಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಯಜಮಾನಿ ಪಾತ್ರೆ ತೊಳೆದು ಮುಗಿಸಿರುತ್ತಿದ್ದರು. ಕೊನೆಗೆ "ಹೌದು", "ಧನ್ಯವಾದ" ಎಂಬೆರಡು ಮಾತಿನಲ್ಲೇ ಮೇಷ್ಟ್ರ ಸಂಸಾರ ಸಾಗಿತ್ತು!

ಆದರೆ ಚೀಟಿಯ ಮುಂದೆ ಅವರು ಹುಲಿ. ಮೊದಲ ಚೀಟಿಯಲ್ಲೇ ನಾಲ್ಕು ತಪ್ಪು ಕಣ್ಣಿಗೆ ಹೊಡೆದವು. ಜೇಬಿನ ಕೆಂಪು ಪೆನ್ನು ತಾನಾಗಿ ಹೊರಬಂತು. ಅಡಿಗೆರೆ ಎಳೆದು, ಸರಿರೂಪ ಬರೆದು, ಕೆಳಗೆ ಷರಾ ಹಾಕಿದರು: "ಹತ್ತಕ್ಕೆ ಐದು. ಗಮನ ಸಾಲದು." ಉಪಕಾರ ಮಾಡಿದ ತೃಪ್ತಿಯಲ್ಲಿ ಹೆಂಡತಿಗೆ ಫೋನ್ ಮಾಡಿದರು. ಹೆಂಡತಿಯ ಜೊತೆ ಆಡುವ ಕನ್ನಡ ಲೆಕ್ಕಕ್ಕಿಲ್ಲ ಎಂದು ಪ್ರತಿಜ್ಞೆಗೆ ಆಗಲೇ ತಿದ್ದುಪಡಿ ಬಂದಿತ್ತು.

"ರೀ, ಊಟ ಹಾಕೋರ ಚೀಟಿಗೆ ಮಾರ್ಕ್ಸ್ ಹಾಕಿದ್ರಾ?"

"ಅವರದೇ ಭಾಷೆ ಕಣೇ! ಅದರಲ್ಲೇ ತಪ್ಪು ಬರೀತಾರೆ ಅಂದ್ರೆ?"

"ಮದುವೆಗೆ ಮುಂಚೆ ನಾನು ಬರೆದ ಕಾಗದಾನೂ ತಿದ್ದಿ ವಾಪಸ್ ಕಳಿಸಿದ್ರಿ. ಆಮೇಲೆ ನಾನು ಇನ್ನೊಂದು ಬರೆದ್ನಾ?"

ಮೇಷ್ಟ್ರು ಯೋಚಿಸಿದರು. ಬರೆದಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಸಂಗತಿ ಅವರ ಗಮನಕ್ಕೇ ಬಂದಿರಲಿಲ್ಲ. ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟರು.

ದಿನ ಕಳೆದಂತೆ ಚೀಟಿಗಳು ಚಿಕ್ಕವಾದವು. ಕೋಟು, ಚಳಿ ಎಲ್ಲ ಹೋಗಿ ಬರೀ ಊಟ, ಬೀಗ ಉಳಿದವು. ತಪ್ಪು ಕಡಿಮೆಯಾಗುತ್ತಿದೆ, ನನ್ನ ಪಾಠ ಹತ್ತುತ್ತಿದೆ ಎಂದು ಮೇಷ್ಟ್ರು ಹಿಗ್ಗಿದರು.

ಮೂರನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಫ್ರಿಡ್ಜಿನ ಮೇಲೆ ಹೀಗಿತ್ತು: "ಬಚ್ಚಲಿನ ನಲ್ಲಿ ತಿರುಗಿಸಬೇಡಿ. ಒಳಗೆ ಮುರಿದಿದೆ. ಸಂಜೆ ರಿಪೇರಿಯವರು ಬರುತ್ತಾರೆ."

ಮೇಷ್ಟ್ರು ಎರಡು ಸಲ ಓದಿದರು. ಎರಡು ತಪ್ಪು ಸಿಕ್ಕಿದವು. "ಹತ್ತಕ್ಕೆ ಆರು. ಪರವಾಗಿಲ್ಲ, ಆದರೆ ಇನ್ನೂ ಗಮನ ಕೊಡಬೇಕು" ಎಂದು ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು.

ನಲ್ಲಿ ಕೈಗೇ ಬಂತು! ನೀರು ಚಾವಣಿಗೆ ಚಿಮ್ಮಿತು. ಮೇಷ್ಟ್ರು ಟವೆಲ್ ತುರುಕಿದರು, ಬಕೆಟ್ ಒಡ್ಡಿದರು, ಕೊನೆಗೆ ಎರಡೂ ಅಂಗೈಯಲ್ಲಿ ಪೈಪಿನ ಬಾಯಿ ಮುಚ್ಚಿ ನಿಂತರು. ನೀರು ಅವರ ಅಂಗಿಯ ತೋಳೊಳಗೆ ನುಗ್ಗಿ, ನೆಲ ತುಂಬಿ, ಸಂದಿ ಹುಡುಕಿಕೊಂಡು ಕೆಳಗಿನ ಅಂಗಡಿಗೆ ಇಳಿಯಿತು. ಐದೇ ನಿಮಿಷದಲ್ಲಿ ಟೈಲರ್, ಕೊರಳಲ್ಲಿ ಅಳತೆ ಟೇಪು, ತಲೆಯಿಂದ ನೀರು ಸುರಿಸಿಕೊಂಡು ಬಾಗಿಲಲ್ಲಿದ್ದ.

ಹತ್ತೊಂಬತ್ತು ವರ್ಷದ ಪಾಂಡಿತ್ಯವನ್ನೆಲ್ಲ ಒಟ್ಟುಗೂಡಿಸಿ ಮೇಷ್ಟ್ರು ಕೂಗಿದರು: "ನೀರು! ನೀರು!"

"ಅದು ನಂಗೂ ಕಾಣ್ತಿದೆ!" ಎಂದ ಟೈಲರ್. ಅಡುಗೆಮನೆಯ ಬಾಗಿಲ ಹಿಂದಿದ್ದ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದ. ಹಿಂತಿರುಗುವಾಗ ಫ್ರಿಡ್ಜಿನ ಚೀಟಿ ಕಣ್ಣಿಗೆ ಬಿತ್ತು.

"ಇದನ್ನ ಓದಿದ್ರಾ?"

"ಓದಿದೆ."

"ಓದಿ?"

ಮೇಷ್ಟ್ರು ತಲೆ ತಗ್ಗಿಸಿದರು. "ಅಂಕ ಕೊಟ್ಟೆ."

ಟೈಲರ್ ಚೀಟಿಯ ಕೆಂಪು ಷರಾದ ಮೇಲೆ ಬೆರಳಿಟ್ಟ. "ಆಯಮ್ಮ ಚಿಕ್ಕಂದಿನಲ್ಲಿ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಬರೆಯೋದು ಕಲಿತಿದ್ದೇ ಐವತ್ತೆಂಟನೇ ವಯಸ್ಸಿಗೆ, ಸಂಜೆ ಶಾಲೇಲಿ. ಬರೆದು ಹೇಳೋಕೆ ಮನೇಲಿ ಯಾರಾದ್ರೂ ಇರಲಿ ಅಂತಾನೇ ನಿಮ್ಮಂಥೋರನ್ನ ಇಟ್ಕೊಳ್ಳೋದು," ಎಂದು ಹೇಳಿ, ಒದ್ದೆ ಬಟ್ಟೆ ಹಿಂಡಲು ಕೆಳಗೆ ಹೋದ.

ಯಜಮಾನಿ ಬಂದರು. ನೆಲ ಒರೆಸಿದರು. ಆಮೇಲೆ ಮ್ಯಾಗ್ನೆಟ್ಟು, ಚೀಟಿಯ ಕಟ್ಟು, ತಮ್ಮ ಪೆನ್ನು ಮೂರನ್ನೂ ತೆಗೆದು ಡ್ರಾಯರಿಗೆ ಹಾಕಿದರು. "ಇನ್ನು ಬರೆಯೋದು ಸಾಕು ಮೇಷ್ಟ್ರೇ. ಈ ವಯಸ್ಸಲ್ಲಿ ನಂಗ್ಯಾಕೆ ಅದೆಲ್ಲ?"

ಡ್ರಾಯರ್ ಮುಚ್ಚಿಕೊಂಡಿತು. ಪ್ರಿನ್ಸಿಪಾಲರು ಕೇಳಿದ್ದ ಪತ್ರವೂ ಅದರೊಳಗೇ ಹೋಯಿತೆಂದು ಮೇಷ್ಟ್ರಿಗೆ ಹೊಳೆದದ್ದು ಆಮೇಲೆ. ಅದಕ್ಕೆ ಮೊದಲೇ ಅವರಿಗೆ ಅಳು ಬಂದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಇನ್ನೊಂದು ಮನೆಯಲ್ಲೂ ಇಂಥದೇ ಒಂದು ಡ್ರಾಯರ್ ಮುಚ್ಚಿರಬೇಕು.

ಮಾರನೆಯ ದಿನ ಅವರು ಒಂದು ಕ್ಷಮಾಪಣೆ ಪತ್ರ ಬರೆದರು. ಮೂರು ಸಲ ತಿದ್ದಿ, ಫ್ರಿಡ್ಜಿಗೆ ಅಂಟಿಸಿ ತರಗತಿಗೆ ಹೋದರು. ಸಂಜೆ ಯಜಮಾನಿ ಅದನ್ನು ಮೇಜಿನ ಮೇಲಿಟ್ಟರು.

"ಓದಿದೆ. ಒಂದೂ ತಪ್ಪಿಲ್ಲ. ಆದ್ರೆ ಮೂರು ವಾರದಿಂದ ನನ್ನೆದುರೇ ಕೂತು ಉಣ್ತಿದ್ದೀರಲ್ಲ, ಬಾಯಿಲ್ವಾ?"

ಮೇಷ್ಟ್ರು ಬಾಯಿ ತೆರೆದರು. ಈ ಸಲ ವಾಕ್ಯ ಕಟ್ಟಿಕೊಳ್ಳಲಿಲ್ಲ. ತಪ್ಪಾಯಿತು ಎಂದರು. ಪ್ರಿನ್ಸಿಪಾಲರು ಕೇಳಿದ ಪತ್ರ, ಲೈಬ್ರರಿ ಕೆಲಸದ ಭಯ ಹೇಳಿದರು. ಹೆಂಡತಿಯ ಕಾಗದದ ಕಥೆಯನ್ನೂ ಹೇಳಿದರು. ಕ್ರಿಯಾಪದಗಳು ಕಾಲು ಮುರಿದುಕೊಂಡು ಬಿದ್ದವು, ಯಾವಾಗಲೋ ಆದ ಮದುವೆ ನಾಳೆ ನಡೆಯುವಂತಾಯಿತು. ಯಜಮಾನಿ ಮೊದಲು ಸುಮ್ಮನೆ ಕೇಳಿದರು. ಆಮೇಲೆ ನಕ್ಕರು. ಆ ದಿನ ಪಾತ್ರೆ ತೊಳೆಯುವುದು ಬಹಳ ತಡವಾಯಿತು.

ಉಳಿದ ಮೂರು ವಾರ ಮೇಷ್ಟ್ರು ತರಗತಿ ಮುಗಿಸಿ ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕಿದರು. ಅದು ಪ್ರಾಯಶ್ಚಿತ್ತ. ಬಂದ ಗಿರಾಕಿಗಳ ಜೊತೆಯೆಲ್ಲ ತಪ್ಪುತಪ್ಪಾಗಿ ಮಾತಾಡಿದರು, ಎರಡು ಪ್ಯಾಂಟು ಸುಟ್ಟರು.

ಹೊರಡುವ ದಿನ ಯಜಮಾನಿ ಡ್ರಾಯರ್ ತೆರೆದು ಒಂದು ಹಾಳೆ ಕೊಟ್ಟರು. "ಇವರು ನಮ್ಮ ಜೊತೆ ಮಾತಾಡಿಕೊಂಡು ಬಾಳಿದರು. ಚಳಿಗೆ ಕೋಟು ಹಾಕುವುದಿಲ್ಲ, ಯಾರಾದರೂ ನೆನಪಿಸಿ." ಇಷ್ಟರಲ್ಲಿ ಏಳು ತಪ್ಪು. ಮೇಷ್ಟ್ರ ಕೈ ಜೇಬಿಗೆ ಹೋಯಿತು. ಕೆಂಪು ಪೆನ್ನು ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಹಾಳೆಯ ಕೊನೆಯ ಸಾಲು ಹೇಳಿತು. ಅದು ಕೆಂಪು ಶಾಯಿಯಲ್ಲಿತ್ತು: "ಹತ್ತಕ್ಕೆ ಆರು. ಪರವಾಗಿಲ್ಲ, ಆದರೆ ಇನ್ನೂ ಗಮನ ಕೊಡಬೇಕು."

ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿದರು.

"ಪತ್ರ ಸಿಕ್ತು ಕಣೇ. ನಂಗೆ ಅಂಕಾನೂ ಕೊಟ್ಟಿದ್ದಾರೆ."

"ಎಷ್ಟು?"

"ಆರು."



"ಪಾಪ, ಅವರು ನಿಮ್ಮನ್ನ ನೋಡಿರೋದು ಬರೀ ಆರೇ ವಾರ ಅಲ್ವಾ," ಎಂದಳು ಹೆಂಡತಿ. "ಜಾಸ್ತೀನೇ ಕೊಟ್ಟಿದ್ದಾರೆ!"